ಹಸಿರು ದಾರದ ಜಾಕೀಟು

ಅಬ್ಬಾ ನೀರಿಗೆ ಹಾರಿದರು ಎಂದು ನರಸಿಂಹರಾಜಪುರದಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಲಾಂಚ್ ಸಾಬ್ರು ಚಕ್ರ ಬಿಟ್ಟರಂತೆ, ಚಪ್ಪಲಿ ಕೂಡ ಕಳಚದೆ ಭದ್ರಾ ಹಿನ್ನೀರಿಗೆ ಧುಮುಕಿದರಂತೆ, ಮುಳುಗುತ್ತಿದ್ದ ಹೆಂಡತಿಯ ತಮ್ಮನನ್ನು ಕೂದಲು ಹಿಡಿದು ಎಳೆದು ತಂದರಂತೆ. ಹೇಳುವವರಲ್ಲಿ ಹಲವರು ಆ ದಿನ ಲಾಂಚಿನಲ್ಲೇ ಇದ್ದವರು; ಕಣ್ಣಾರೆ ಕಂಡೆವು ಅನ್ನುತ್ತಾರೆ. ನಾನೂ ಅಲ್ಲಿದ್ದೆ. ಅಬ್ಬಾರ ಬೆನ್ನ ಹಿಂದಿನ ಹಲಗೆಯ ಮೇಲೆ, ಕೈ ಚಾಚಿದರೆ ಅವರ ಸೊಂಟದ ಗಂಟು ಸಿಗುವಷ್ಟು ಹತ್ತಿರ ಕೂತಿದ್ದೆ. ಅಬ್ಬಾ ಹಾರಲಿಲ್ಲ. ಹಾರಿದ್ದರೆ ಆ ದಿನವೇ ಅವರ ಕಥೆ ಮುಗಿಯುತ್ತಿತ್ತು, ಯಾಕೆಂದರೆ ಅವರಿಗೆ ಈಜು ಬರುತ್ತಿರಲಿಲ್ಲ. ಅಪ್ಪನನ್ನು ಊರವರು ಹೊಗಳುವಾಗ ಮಗಳು ತಕರಾರು ತೆಗೆಯಬಾರದು ಎಂದು ನನಗೆ ಹೇಳಿದವರಿದ್ದಾರೆ. ಹೊಗಳಿಕೆಗೆ ನನ್ನ ತಕರಾರಿಲ್ಲ. ಅವರು ಮಾಡದೇ ಇದ್ದದ್ದಕ್ಕೆ ಹೊಗಳಿ, ಮಾಡಿದ್ದನ್ನು ಮರೆತುಬಿಟ್ಟಿದ್ದಾರಲ್ಲ, ಅದಕ್ಕೆ ತಕರಾರು.

ನಮ್ಮದು ಪೇಟೆ ಬೀದಿಯ ತುದಿಯಲ್ಲಿದ್ದ ಎರಡೂವರೆ ಕೋಣೆಯ ಮನೆ. ಅರ್ಧ ಕೋಣೆ ಎಂದರೆ ಬಚ್ಚಲು, ಅದರೊಳಗೆ ನನ್ನ ಎದೆಯೆತ್ತರದ ಸಿಮೆಂಟ್ ತೊಟ್ಟಿ. ನಡುಕೋಣೆಯ ಗೋಡೆಗೆ ಮೂರು ಗೂಟ ಹೊಡೆದಿತ್ತು. ಆ ಗೂಟಗಳಲ್ಲಿ, ನೀರಿಗೆ ಬಿದ್ದವರನ್ನು ತೇಲಿಸುವ ಮೂರು ಜಾಕೀಟು ತೂಗುತ್ತಿದ್ದವು. ಮುಸ್ಸಂಜೆ ಹೊತ್ತಿಗೆ ಬಂದ ಹೊಸಬರು, ಮೂವರು ಗಂಡಸರು ಗೋಡೆಗೊರಗಿ ನಿಂತಿದ್ದಾರೆಂದುಕೊಂಡು ಸಲಾಂ ಹೇಳಿದ್ದುಂಟು. ಲಾಂಚ್ ಕೊಪ್ಪದ ಸಾಹುಕಾರರೊಬ್ಬರದು, ನಡೆಸುತ್ತಿದ್ದವರು ಅಬ್ಬಾ. ಅವರು ಅದನ್ನು ಮಂಗಳೂರಿನಲ್ಲಿ ಹಳೆಯದಾಗಿ ಕೊಂಡು ಲಾರಿಯ ಮೇಲೆ ತರಿಸಿದ್ದರು. ಅದರ ಜೊತೆಗೆ ಬಂದ ಜಾಕೀಟುಗಳ ಹೊಟ್ಟೆಯೊಳಗಿನದೆಲ್ಲ ಪುಡಿಪುಡಿಯಾಗಿತ್ತು. ಅಮ್ಮಿ ಹೊಲಿಗೆ ಬಿಚ್ಚಿ, ಅಳತೆ ಇಟ್ಟುಕೊಂಡು, ದಪ್ಪ ಕ್ಯಾನ್ವಾಸಿನಲ್ಲಿ ಹೊಸದಾಗಿ ಮೂರು ಹೊಲಿದಿದ್ದಳು. ಅರ್ಧ ಊರಿಗೆ ತಲೆದಿಂಬು ಹೊಲಿದುಕೊಡುತ್ತಿದ್ದವಳು ಅವಳು. ಸೀತೂರಿನ ಕಡೆಯಿಂದ ಬರುತ್ತಿದ್ದ ಬೂರುಗದ ಹತ್ತಿಯನ್ನು ಮೂಸಿ ನೋಡಿಯೇ ಹೋದ ವರ್ಷದ್ದೋ ಈ ವರ್ಷದ್ದೋ ಹೇಳಬಲ್ಲವಳು. ಕುತ್ತಿಗೆಯ ಹಿಂದೆ ಒಂದು ಪುಟ್ಟ ದಿಂಬನ್ನೇ ಇಟ್ಟು ಹೊಲಿದಿದ್ದಳು. ಗುರುತಿಗೆ ಅಂಚಿನಲ್ಲಿ ಬಣ್ಣದ ದಾರ: ಅಬ್ಬಾರದ್ದು ಹಸಿರು, ರಶೀದ್ ಮಾಮುವಿನದು ಕೆಂಪು, ಇಂಜಿನ್ ನೋಡಿಕೊಳ್ಳುತ್ತಿದ್ದ ಕೆರೆಕಟ್ಟೆಯ ತಿಮ್ಮಯ್ಯನದು ಹಳದಿ. ಲಾಂಚ್ ನಿಲ್ಲುವ ಕಡವಿನ ಶೆಡ್ಡಿನಲ್ಲಿಟ್ಟರೆ ಇಲಿಗಳು ಹತ್ತಿ ಕಿತ್ತು ಗೂಡು ಮಾಡುತ್ತವೆಂದು ಅವು ನಮ್ಮ ಮನೆಯಲ್ಲೇ ಬಾಳುತ್ತಿದ್ದವು. ಅವುಗಳಿಗೆ ನಮ್ಮೆಲ್ಲರಿಗಿಂತ ಹೆಚ್ಚು ಮರ್ಯಾದೆ. ಒರಗುವ ಹಾಗಿಲ್ಲ, ಮಡಿಸುವ ಹಾಗಿಲ್ಲ, ಕೂರುವ ಮಾತಂತೂ ಇಲ್ಲವೇ ಇಲ್ಲ. ಮರದ ಹತ್ತಿಯ ಎಳೆ ಒಳಗೆ ಟೊಳ್ಳು, ಅದರಲ್ಲಿ ಗಾಳಿ ಇರುತ್ತದೆ, ಅದಕ್ಕೇ ತೇಲುತ್ತದೆ. ಮೇಲೆ ಭಾರ ಬಿದ್ದರೆ ಗಾಳಿ ಹೋಗಿ ಎಳೆ ಚಪ್ಪಟೆಯಾಗುತ್ತದೆ. ಅಂಥದ್ದಕ್ಕೆ ಅಬ್ಬಾ ಹೇಳುತ್ತಿದ್ದದ್ದು ‘ಸತ್ತ ಜಾಕೀಟು’ ಎಂದು. ಮೂರರಲ್ಲಿ ಒಂದು ಸತ್ತರೂ ಲಾಂಚ್ ಬಿಡುವ ಹಾಗಿಲ್ಲ. ಇದು ಸಾಹುಕಾರರು ಮಾಡಿದ ಕಾನೂನಲ್ಲ, ಅಬ್ಬಾರದು.

ಶುಕ್ರವಾರ ಬೆಳಿಗ್ಗೆ ಪರೀಕ್ಷೆ. ಅಮ್ಮಿಯ ಒರಳಿನ ಗುಂಡುಕಲ್ಲನ್ನು ಅಬ್ಬಾ ಬಚ್ಚಲಿಗೆ ಹೊತ್ತು ತಂದು, ಹಗ್ಗದಿಂದ ಜಾಕೀಟಿಗೆ ಕಟ್ಟಿ, ತೊಟ್ಟಿಗೆ ಬಿಡುತ್ತಿದ್ದರು. ಕಲ್ಲು ನೀರಿನೊಳಗೆ ತೂಗಬೇಕು, ಜಾಕೀಟು ಮೇಲೆ ನಿಲ್ಲಬೇಕು. ಒಂದೊಂದಕ್ಕೂ ಒಂದು ಗಳಿಗೆ ಅಲ್ಲ, ಅವರು ನಿಧಾನವಾಗಿ ಗಡ್ಡ ಟ್ರಿಮ್ ಮಾಡಿ ಮುಗಿಸುವವರೆಗೆ. ಅಷ್ಟು ಹೊತ್ತು ಅಡುಗೆಮನೆಯಲ್ಲಿ ನೆನೆದ ಅಕ್ಕಿ ಕಾಯುತ್ತಿತ್ತು.

“ಊರಲ್ಲಿ ಎಲ್ಲರ ಮನೇಲೂ ಕಲ್ಲು ಹಿಟ್ಟು ರುಬ್ಬುತ್ತೆ. ನಮ್ಮನೇಲಿ ಮಾತ್ರ ಸ್ನಾನ ಮಾಡುತ್ತೆ.”

“ಇನ್ನೆರಡು ನಿಮಿಷ ಕಣೇ.”

“ನಿಮ್ಮ ಎರಡು ನಿಮಿಷದಲ್ಲಿ ನಿಕಾಹ್ ಆಗಿ ಮಕ್ಕಳೂ ಆಗ್ತವೆ.”

ಉಳಿದ ದಿನಗಳಲ್ಲಿ ಇನ್ನೊಂದು ಕ್ರಮ. ಅಬ್ಬಾ ಹೊಸ್ತಿಲ ಬಳಿ ಬೆನ್ನು ತೋರಿಸಿ ನಿಲ್ಲುತ್ತಿದ್ದರು, ಅಮ್ಮಿ ಬಿಸ್ಮಿಲ್ಲಾ ಎಂದು ಸೊಂಟದ ಹಿಂದೆ ಗಂಟು ಹಾಕಿ, ಉಳಿದ ತುದಿಯನ್ನು ಒಳಕ್ಕೆ ಸಿಕ್ಕಿಸಿ, ಬೆನ್ನಿಗೊಂದು ಏಟು ಕೊಡುತ್ತಿದ್ದಳು. ಕಟ್ಟಿಕೊಂಡವನೇ ತನ್ನ ಗಂಟನ್ನು ನೋಡಲಾರ, ಆದ್ದರಿಂದ ಇನ್ನೊಬ್ಬರೇ ಕಟ್ಟಬೇಕೆಂಬುದು ಅಬ್ಬಾರ ಪದ್ಧತಿ. ಕಡವಿನಲ್ಲಿ ಮಾಮುವಿಗೂ ತಿಮ್ಮಯ್ಯನಿಗೂ ಅವರೇ ಕಟ್ಟುತ್ತಿದ್ದರು. ಹೀಗೆ ಮನೆಯಲ್ಲೇ ಜಾಕೀಟು ತೊಟ್ಟು, ಇನ್ನೆರಡನ್ನು ಬಿದಿರುಕೋಲಿಗೆ ಸಿಕ್ಕಿಸಿ ಹೆಗಲ ಮೇಲೆ ಹೊತ್ತು, ಅವರು ಪೇಟೆ ಬೀದಿಯ ಉದ್ದಕ್ಕೂ ನಡೆಯುತ್ತಿದ್ದರು. ಶಾಲೆಗೆ ಹೊರಟ ನಾನು ಹದಿನೈದು ಹೆಜ್ಜೆ ಹಿಂದೆ, ಅವರು ಯಾರೋ ನಾನು ಯಾರೋ ಎಂಬಂತೆ. ಬಟ್ಟೆ ಅಂಗಡಿಯ ಶೆಟ್ಟರು ದಿನವೂ ಒಂದೇ ಹಾಸ್ಯ ಮಾಡುತ್ತಿದ್ದರು.

“ಎಂತ ಸಾಬ್ರೇ, ಬೀದೀಗೂ ನೀರು ಬಂತಾ ಮಾರಾಯ್ರೇ?”

“ಬಂದ್ಮೇಲೆ ಕಟ್ಕೊಳ್ಳೋಕೆ ಪುರುಸೊತ್ತು ಇರಲ್ಲ ಶೆಟ್ರೇ.”

ಅಬ್ಬಾರಿಗೆ ಇಷ್ಟು ಹಟ ಯಾಕೆ ಎನ್ನುವುದಕ್ಕೂ ಊರಲ್ಲೊಂದು ಕಥೆಯಿತ್ತು. ಕರಾವಳಿಯಲ್ಲಿ ದುಡಿಯುವಾಗ ಕಣ್ಣೆದುರೇ ಯಾರೋ ಮುಳುಗಿದರಂತೆ, ಅಂದಿನಿಂದ ಹೀಗಂತೆ. ನಾನು ನೇರವಾಗಿ ಕೇಳಿದ್ದೆ. “ಯಾರೂ ಮುಳುಗಿಲ್ಲ ಬೇಟಿ. ಮುಳುಗೋದು ಬೇಡ ಅಂತ್ಲೇ ಕಟ್ಟೋದು,” ಎಂದರು. ಅಷ್ಟೇ. ಇಷ್ಟು ಚಪ್ಪೆ ಉತ್ತರ ನನಗೆ ಸಾಲಲಿಲ್ಲ. ಯಾಕೆಂದರೆ ಆಗ ನಾನು ವಾದ ಕಲಿಯುತ್ತಿದ್ದೆ. ನಮ್ಮ ಹೈಸ್ಕೂಲಿನ ಮೇಷ್ಟ್ರೊಬ್ಬರು ನಮ್ಮನ್ನು ಚರ್ಚಾಸ್ಪರ್ಧೆಗೆಂದು ಕೊಪ್ಪಕ್ಕೆ, ಶೃಂಗೇರಿಗೆ ಕರೆದೊಯ್ಯುತ್ತಿದ್ದರು. ಎದುರಾಳಿಯ ನಂಬಿಕೆಗೆ ಕಾರಣ ಕೇಳು, ಕಾರಣ ಕೊಟ್ಟರೆ ಪುರಾವೆ ಕೇಳು, ಎದುರಾಳಿಗೆ ಉಪಯೋಗವಾಗುವ ಪುರಾವೆ ನಿನ್ನ ಕೈಯಲ್ಲಿದ್ದರೆ ಸುಮ್ಮನಿರು ಎಂದು ಕಲಿಸಿದವರು ಅವರು. ಗೆದ್ದ ಕಪ್ಪುಗಳನ್ನು ಜಾಕೀಟಿನ ಗೂಟಗಳ ಕೆಳಗಿನ ಮಾಡದಲ್ಲಿ ಸಾಲಾಗಿ ಇಟ್ಟಿದ್ದೆ. ಮನೆಯಲ್ಲಿ ಮಾತ್ರ ಎದುರಾಳಿಗಳಿರಲಿಲ್ಲ. ಅಮ್ಮಿ ಬೈದುಬಿಡುತ್ತಿದ್ದಳು, ಅಬ್ಬಾ ನಕ್ಕುಬಿಡುತ್ತಿದ್ದರು.

ಮಾಮು ನನ್ನ ಪಕ್ಷದವನು. ಅಮ್ಮಿಯ ಕೊನೆಯ ತಮ್ಮ. ಭಂಡಿಗಡಿಯ ಸಾಮಿಲ್ಲಿನ ಕೆಲಸ ಬಿಟ್ಟು ಲಾಂಚಿನ ಮೂತಿಯ ಮೇಲೆ ನಿಲ್ಲಲು ಬಂದಿದ್ದ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಮೋಟುಮರಗಳು ಬೇಸಿಗೆಯಲ್ಲಿ ನೀರಿಳಿದಂತೆ ಮೇಲ್ಮೈಯ ಹತ್ತಿರಕ್ಕೆ ಬರುತ್ತವೆ. ಕೆಲವು ತಲೆ ತೋರಿಸುತ್ತವೆ, ಕೆಲವು ಗೇಣು ಕೆಳಗೆ ಅಡಗಿ ಕೂತಿರುತ್ತವೆ. ಬಿದಿರುಕೋಲಿನಿಂದ ನೀರು ಕೆದಕುತ್ತಾ ‘ಬಲಕ್ಕೆ ಮೋಟು, ಎಡಕ್ಕೆ ಹೊಡೀರಿ’ ಎಂದು ಕೂಗುವುದು ಮಾಮುವಿನ ಕೆಲಸ. ಅವನಷ್ಟು ಚೆನ್ನಾಗಿ ಈಜುವವರು ಆ ದಂಡೆಯಲ್ಲೂ ಈ ದಂಡೆಯಲ್ಲೂ ಇರಲಿಲ್ಲ. ಮೈಗೆ ಗೋಣಿಚೀಲ ಸುತ್ತಿಕೊಂಡ ಹಾಗಾಗುತ್ತದೆಂದು ಜಾಕೀಟನ್ನು ಬೈಯುತ್ತಿದ್ದ. ಮಧ್ಯಾಹ್ನ ಲಾಂಚ್ ಕಟ್ಟಿ ಅಬ್ಬಾ ನಮಾಜಿಗೆ ಹೋದಾಗ, ಅದನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ತಲೆಯಡಿ ಇಟ್ಟು ಗೊರಕೆ ಹೊಡೆಯುತ್ತಿದ್ದ. ಪಬ್ಲಿಕ್ ಪರೀಕ್ಷೆಗೆ ಮುಂಚಿನ ವಾರ ಬುತ್ತಿ ಕೊಡಲು ಹೋದ ನಾನು ಅದನ್ನು ಒಂದಲ್ಲ, ನಾಲ್ಕೈದು ದಿನ ನೋಡಿದೆ. ಯಾರಿಗೂ ಹೇಳಲಿಲ್ಲ. ಎದುರು ಪಕ್ಷಕ್ಕೆ ಪುರಾವೆ ಯಾರಾದರೂ ಕೊಡುತ್ತಾರೆಯೇ?

ಪಬ್ಲಿಕ್ ಪರೀಕ್ಷೆ ಶುರುವಾಗುವ ಹಿಂದಿನ ಸಂಜೆ, ಮಗ್ರಿಬ್ ನಮಾಜು ಮುಗಿಸಿ ನಾವೆಲ್ಲ ಊಟಕ್ಕೆ ಕೂತಿದ್ದೆವು. ತಿಮ್ಮಯ್ಯನೂ ಇದ್ದ. ಅವನು ಇದ್ದ ದಿನ ಮನೆಯ ಮಾತು ತಾನಾಗಿ ಉರ್ದುವಿನಿಂದ ಕನ್ನಡಕ್ಕೆ ಹೊರಳುತ್ತಿತ್ತು. ಅಕ್ಕಿರೊಟ್ಟಿ, ಹಿನ್ನೀರಿನ ಮೀನಿನ ಸಾರು. ಆಚೆ ದಂಡೆಯ ಮಕ್ಕಳನ್ನು ಪರೀಕ್ಷೆಗೆ ಕರೆತರಲು ಮರುದಿನ ಬೆಳಕು ಹರಿಯುತ್ತಲೇ ಲಾಂಚ್ ಹೊರಡಬೇಕಿತ್ತು. ಶುಕ್ರವಾರವಾದರೂ ತೊಟ್ಟಿಯ ಪರೀಕ್ಷೆ ಸಂಜೆಗೆ ಎಂದು ಅಬ್ಬಾ ಹೇಳಿದರು. ಮಾಮು ತಕ್ಷಣ ಬಾಯಿ ಹಾಕಿದ.

“ಹಂಗಾದ್ರೆ ನಾಳೆ ಒಂದಿನ ನಂಗೆ ಬೇಡ ಭಾಯ್. ಸೆಖೆ. ನಾನೇನು ಮುಳುಗ್ತೀನಾ?”

“ನೀನು ಮುಳುಗಲ್ಲ ಮಾರಾಯ, ನೀರೇ ಮುಳುಗುತ್ತೆ,” ಎಂದ ತಿಮ್ಮಯ್ಯ.

“ಕಟ್ಕೋಬೇಕು ರಶೀದ್,” ಎಂದರು ಅಬ್ಬಾ.

ನಾನು ರೊಟ್ಟಿ ಕೆಳಗಿಟ್ಟು, ಸಭೆಯಲ್ಲಿ ನಿಂತ ಹಾಗೆ ಬೆನ್ನು ನೆಟ್ಟಗೆ ಮಾಡಿದೆ. ಸುರಕ್ಷೆ ಬೇಕಾದದ್ದು ಅಪಾಯ ಇದ್ದವನಿಗೆ. ಈಜು ಬಲ್ಲವನಿಗೆ ನೀರು ಅಪಾಯವಲ್ಲ. ಆದ್ದರಿಂದ ಮಾಮುವಿಗೆ ಜಾಕೀಟು ಬೇಡ. ಬೇಕು ಅನ್ನುವುದಾದರೆ ಇಪ್ಪತ್ತು ಮೂವತ್ತು ಜನ ಪ್ರಯಾಣಿಕರಿಗೆ, ಬಿದ್ದರೆ ಎಸೆಯಲೆಂದು ಇಟ್ಟ ಲಾರಿ ಟ್ಯೂಬು ಮಾತ್ರ ಯಾಕೆ? ಕೆಲಸದ ಮೂವರ ಜೀವ ಅವರದ್ದಕ್ಕಿಂತ ದೊಡ್ಡದೇ? ತಿಮ್ಮಯ್ಯ ತುತ್ತು ನಿಲ್ಲಿಸಿ ನನ್ನನ್ನೇ ನೋಡಿದ.

“ಟ್ಯೂಬು ಎಸೆಯೋನೇ ಮೊದಲು ಮುಳುಗಿದ್ರೆ, ಎಸೆಯೋದು ಯಾರು?” ಎಂದರು ಅಬ್ಬಾ.

ಅದು ಒಳ್ಳೆಯ ಉತ್ತರ. ನನಗೆ ಅಲ್ಲೇ ಗೊತ್ತಾಯಿತು, ನಾನು ಸೋಲುತ್ತಿದ್ದೇನೆ ಎಂದು. ಸೋಲುವಾಗ ಏನು ಮಾಡಬಾರದೆಂದು ಮೇಷ್ಟ್ರು ಹೇಳಿಕೊಟ್ಟಿದ್ದರೋ ಅದನ್ನೇ ಮಾಡಿದೆ. ವಾದ ಬಿಟ್ಟು ವಾದಿಯ ಮೇಲೆ ಬಿದ್ದೆ.

“ಈಜು ಬರದವರು ಈಜು ಬರೋರಿಗೆ ಕಾನೂನು ಮಾಡೋದು ಯಾವ ನ್ಯಾಯ? ನಿಮಗೆ ಹೆದರಿಕೆ ಅಬ್ಬಾ. ನಿಮ್ಮ ಹೆದರಿಕೇನ ಎಲ್ಲರ ಮೈಗೂ ಕಟ್ತೀರಿ.”

ಅಬ್ಬಾರಿಗೆ ಈಜು ಬರುವುದಿಲ್ಲವೆಂಬುದು ಆ ಮನೆಯ ಗೋಡೆಗಳೊಳಗೆ ಇದ್ದ ಮಾತು. ತಿಮ್ಮಯ್ಯನಿಗೆ ಗೊತ್ತಿರಲಿಲ್ಲ. ಅವನು ತಟ್ಟೆಯ ಕಡೆ ಮುಖ ತಗ್ಗಿಸಿದ. ಮಾಮುವಿನ ನಗು ಅರ್ಧಕ್ಕೆ ನಿಂತಿತು. ಅಮ್ಮಿಯ ಕೈಯ ಸೌಟು ಸಾರಿನ ಪಾತ್ರೆಯ ಮೇಲೇ ಉಳಿಯಿತು. ಅಬ್ಬಾ ಮೀನಿನ ಮುಳ್ಳೊಂದನ್ನು ನಿಧಾನವಾಗಿ ಬಿಡಿಸಿ ತಟ್ಟೆಯ ಅಂಚಿಗಿಟ್ಟರು.

“ವಾದ ನೀನು ಗೆದ್ದೆ ಬೇಟಿ,” ಎಂದರು. “ಆದ್ರೆ ಹಗ್ಗ ಬಿಚ್ಚೋದು ನಾನು. ಕಟ್ಕೊಳ್ಳದವನನ್ನ ಹತ್ತಿಸಲ್ಲ.”

ಮರುದಿನ ಶಾಲೆಯಲ್ಲಿ ಪರೀಕ್ಷೆಯಾದ್ದರಿಂದ ಕೆಳಗಿನ ತರಗತಿಯ ನಮಗೆ ರಜೆ. ಕಾಲೆಳೆಯುತ್ತಾ ನಾನೂ ಕಡವಿಗೆ ಹೋದೆ. ಕ್ಷಮೆ ಕೇಳಲು ಎಂದು ಹೇಳಿದರೆ ಸುಳ್ಳಾಗುತ್ತದೆ, ಮಾಮು ಏನು ಮಾಡುತ್ತಾನೆಂದು ನೋಡಲು. ಅಮ್ಮಿ ಎಂದಿನಂತೆ ಹೊಸ್ತಿಲಲ್ಲಿ ಹಸಿರು ದಾರದ ಜಾಕೀಟು ಕಟ್ಟಿ ಕಳಿಸಿದ್ದಳು. ಕಡವಿನಲ್ಲಿ ಅಬ್ಬಾ ಮೊದಲು ತಿಮ್ಮಯ್ಯನಿಗೆ ಕಟ್ಟಿದರು. ಮಾಮು ಹುಸಿಮುನಿಸಿನಿಂದ ಬೆನ್ನು ತಿರುಗಿಸಿ ನಿಂತ. ಅವನ ಜಾಕೀಟಿನ ಮೇಲೆ ಅಬ್ಬಾರ ಬೆರಳುಗಳು ಒಂದು ಕ್ಷಣ ನಿಂತವು. ಅಂಗೈಯಲ್ಲಿ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ತಲೆಯೆತ್ತಿ ಆಚೆ ದಂಡೆಯ ಕಡೆ ನೋಡಿದರು. ಅಲ್ಲಿ ಬಿಳಿ ಅಂಗಿ, ನೀಲಿ ಲಂಗಗಳ ಸಾಲು ಆಗಲೇ ನೀರಿನಂಚಿನಲ್ಲಿ ಕಾಣುತ್ತಿತ್ತು. ಆಮೇಲೆ “ಬಾ ಇಲ್ಲಿ” ಎಂದು ಮಾಮುವನ್ನು ಡೀಸೆಲ್ ಶೆಡ್ಡಿನ ಹಿಂದಕ್ಕೆ ಕರೆದೊಯ್ದರು. ಬೈಯುತ್ತಿದ್ದಾರೆ ಅಂದುಕೊಂಡೆ. ತಿರುಗಿ ಬಂದಾಗ ಮಾಮು ಹಾಸ್ಯ ಮಾಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅಬ್ಬಾ ಹಗ್ಗ ಬಿಚ್ಚಿದರು.

ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಲಾಂಚ್ ತುಂಬ ಮಕ್ಕಳು. ಪುಸ್ತಕ ಬಿಚ್ಚಿ ಗುಣುಗುಣು ಓದುವವರು, ಹಣೆಯ ವಿಭೂತಿ ಮುಟ್ಟಿ ಮುಟ್ಟಿ ನೋಡಿಕೊಳ್ಳುವವರು. ನಾನು ಅಬ್ಬಾರ ಬೆನ್ನ ಹಿಂದೆ. ಅವರ ಸೊಂಟದ ಗಂಟು ಯಾಕೋ ಅಮ್ಮಿಯ ಗಂಟಿನ ಹಾಗಿಲ್ಲ, ತುದಿಗಳು ಹೊರಗೆ ನೇತಾಡುತ್ತಿವೆ ಅನ್ನಿಸಿತು. ಅಷ್ಟೇ ಅನ್ನಿಸಿದ್ದು. ನಡುನೀರಿನಲ್ಲಿ, ಮಾಮುವಿನ ಕೋಲಿಗೆ ಸಿಗದ ಮೋಟೊಂದು ಲಾಂಚಿನ ಅಡಿಯನ್ನು ಉಜ್ಜಿತು. ಇಡೀ ಲಾಂಚ್ ಎತ್ತಿನ ಹಾಗೆ ಮುಗ್ಗರಿಸಿತು. ಮೂತಿಯ ಮೇಲಿದ್ದ ಮಾಮು ಮುಂದಕ್ಕೆ ಹೋದ; ಹೋಗುವಾಗ ಅವನ ತಲೆ ಕಬ್ಬಿಣದ ಅಂಚಿಗೆ ಬಡಿದ ಸದ್ದು ನನಗೆ ಕೇಳಿಸಿತು. ಮತ್ತೆ ಅವನು ಕಾಣಲಿಲ್ಲ.

ಮುಂದಿನದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ನಡೆಸಿ ನೋಡಿದ್ದೇನೆಂದರೆ, ಅದರೊಳಗೆ ಈಗ ಎದ್ದು ಓಡಾಡಬಲ್ಲೆ. ಸದ್ದು ಕೇಳಿ ನಾನು ಉಸಿರೆಳೆದುಕೊಳ್ಳುವ ಮೊದಲೇ ಅಬ್ಬಾರ ಬಲಗೈ ಇಂಜಿನ್ ಕೋಣೆಯ ಗಂಟೆಯ ದಾರ ಎಳೆದಿತ್ತು. ಕೆಳಗೆ ತಿಮ್ಮಯ್ಯ ಇಂಜಿನ್ ನಿಲ್ಲಿಸಿದ. ಲಾಂಚಿನ ಬದಿಗೆ ಉಜ್ಜುತ್ತಾ ಹಿಂದಕ್ಕೆ ಬರುತ್ತಿದ್ದ ಮಾಮು ಲಾಂಚಿನಡಿ ತಿರುಗುವ ಫ್ಯಾನಿಗೆ ಸಿಗಲಿಲ್ಲ. ಅಷ್ಟರಲ್ಲಿ ಮಕ್ಕಳು ಕಿರುಚಿ ಒಂದೇ ಬದಿಗೆ ಏಳತೊಡಗಿದರು, ಲಾಂಚ್ ಆ ಕಡೆ ವಾಲತೊಡಗಿತು. ಜೀವಮಾನದಲ್ಲಿ ನನ್ನ ಮೇಲೆ ದನಿಯೇರಿಸದ ಅಬ್ಬಾ ಆಗ ಕೂಗಿದರು.

“ಕೂತ್ಕೊಳ್ಳಿ! ಎದ್ದೋರನ್ನ ನಾನೇ ನೀರಿಗೆ ಹಾಕ್ತೀನಿ! ತಿಮ್ಮಯ್ಯ, ಎಡಗಡೆ, ಕೊಕ್ಕೆ!”

ಎಲ್ಲರೂ ಕೂತರು. ಎಡಗೈ ಚಕ್ರದ ಮೇಲೆ, ಬಲಗೈ ಗಂಟೆಯ ದಾರದ ಮೇಲೆ, ಕಣ್ಣು ನೀರಿನ ಮೇಲೆ. ಹೆಂಡತಿಯ ತಮ್ಮ ನೀರಿನಲ್ಲಿದ್ದಾನೆ, ಅಬ್ಬಾ ಒಂದು ಹೆಜ್ಜೆ ಕದಲಲಿಲ್ಲ. ಕದಲದೆ ಇರುವುದು ಅಷ್ಟು ದೊಡ್ಡ ಕೆಲಸವೆಂದು ನನಗೆ ಯಾರೂ ಹೇಳಿರಲಿಲ್ಲ. ಆಮೇಲೆ ಮಾಮು ಕಾಣಿಸಿದ. ಕಣ್ಣು ಮುಚ್ಚಿತ್ತು, ಹಣೆ ಒಡೆದಿತ್ತು, ಕೈಕಾಲು ಸೋತು ಹರಡಿದ್ದವು. ಆ ದಂಡೆ ಈ ದಂಡೆಗೆ ಸಾಟಿಯಿಲ್ಲದ ಈಜುಗಾರನಿಗೆ ಈಜಬೇಕೆಂಬುದೇ ಗೊತ್ತಿರಲಿಲ್ಲ. ಆದರೂ ಮುಖ ಆಕಾಶಕ್ಕಿತ್ತು. ಅಮ್ಮಿ ಹೊಲಿದ ಪುಟ್ಟ ದಿಂಬಿನ ಮೇಲೆ ತಲೆಯಿಟ್ಟು, ಮಂಚದ ಮೇಲೆ ಮಲಗಿದವನ ಹಾಗೆ, ಇಷ್ಟಿಷ್ಟೇ ತೂಗುತ್ತಾ ಬರುತ್ತಿದ್ದ. ತಿಮ್ಮಯ್ಯ ಕೊಕ್ಕೆಗೆ ಜಾಕೀಟು ಸಿಕ್ಕಿಸಿ ಎಳೆದ. ಅಬ್ಬಾ ಎಲ್ಲರನ್ನೂ ಒಮ್ಮೆ ಎಣಿಸಿ, ಗಂಟೆ ಬಾರಿಸಿ, ಲಾಂಚನ್ನು ಕಡವಿಗೆ ತಂದರು. ಮಕ್ಕಳು ಪರೀಕ್ಷೆಗೆ ಓಡಿದರು. ಅವರೇ ಮುಂದೆ ಆ ಕಥೆ ಹೇಳಿದ್ದು. ಅಪ್ಪಟ ಸುಳ್ಳು ಅನ್ನಲಾರೆ. ನಿಂತಲ್ಲೇ ನಿಂತವನು ಉಳಿಸಿದ ಎಂದರೆ ಅವರಿಗೇ ನಂಬಿಕೆಯಾಗಿರಲಿಕ್ಕಿಲ್ಲ.

ಕಾಂಪೌಂಡರ್ ಹೊಲಿಗೆ ಹಾಕಿದ ಮೇಲೆ ಮಾಮುವನ್ನು ಮನೆಗೆ ತಂದು ನಡುಕೋಣೆಯಲ್ಲಿ ಮಲಗಿಸಿದರು. ಮಾತಾಡುತ್ತಿದ್ದ, ಆದರೆ ಆ ಬೆಳಗಿನ ಒಂದು ಗಳಿಗೆಯೂ ಅವನ ನೆನಪಿನಲ್ಲಿರಲಿಲ್ಲ, ಈಗಲೂ ಇಲ್ಲ. ಅಮ್ಮಿ ಅಳುತ್ತಾ ಒದ್ದೆ ಜಾಕೀಟನ್ನು ಅವನ ಮೈಯಿಂದ ಬಿಡಿಸುತ್ತಿದ್ದಳು. ತಟ್ಟನೆ ಅಳು ನಿಂತಿತು. ಅಂಚಿನ ಮೇಲೆ ಬೆರಳು ಓಡಿಸಿದಳು. ಹಸಿರು ದಾರ. ಬೆಳಿಗ್ಗೆ ತನ್ನ ಕೈಯಾರೆ ಗಂಡನ ಮೈಗೆ ಕಟ್ಟಿದ್ದು.

ಅಬ್ಬಾ ಬಾಗಿಲಲ್ಲಿ ನಿಂತಿದ್ದರು. ಅವರ ಮೈಮೇಲೆ ಕೆಂಪು ದಾರದ್ದು. ಅಮ್ಮಿ ಎದ್ದು ಹೋಗಿ, ಅವರೇ ಹಾಕಿಕೊಂಡಿದ್ದ ಆ ಒಡ್ಡೊಡ್ಡಾದ ಗಂಟನ್ನು ಬಿಚ್ಚಿ, ಜಾಕೀಟನ್ನು ಎತ್ತಿಕೊಂಡು ನೇರ ಒರಳಿನ ಹತ್ತಿರ ಹೋದಳು. ಅವತ್ತು ಕಲ್ಲು ಹೊತ್ತವಳು ಅವಳು. ನಾನು ಹಿಂದೆ ಹೋದೆ. ಕಟ್ಟಿ ತೊಟ್ಟಿಗೆ ಬಿಟ್ಟಳು. ಜಾಕೀಟು ಒಂದು ಕ್ಷಣ ಯೋಚಿಸಿದ ಹಾಗೆ ಮೇಲೆ ನಿಂತಿತು. ಆಮೇಲೆ ಒಂದು ಮೂಲೆ ಬಾಗಿತು, ನಾಲ್ಕು ಗುಳ್ಳೆ ಎದ್ದವು, ಕಲ್ಲು ತಳಕ್ಕೆ ತಗುಲಿದ ಸದ್ದು ಸಿಮೆಂಟಿನ ಮೂಲಕ ನನ್ನ ಹೊಟ್ಟೆಗೆ ಕೇಳಿಸಿತು. ಮುಳುಗಿದ ಕಾಡಿನ ಮೇಲೆ, ತುಂಬಿದ ಲಾಂಚಿನಲ್ಲಿ, ಈಜು ಬರದ ಮನುಷ್ಯ ಇದನ್ನು ಕಟ್ಟಿಕೊಂಡು, ಇದು ಸತ್ತಿದೆಯೆಂದು ಗೊತ್ತಿದ್ದೂ, ಅಲುಗಾಡದೆ ನಿಂತಿದ್ದರು. ಹೆದರಿಕೆ ಎಂದು ನಾನು ಹೆಸರಿಟ್ಟದ್ದು ಇದಕ್ಕೆ. ಗೂಟಗಳ ಕೆಳಗೆ ಸಾಲಾಗಿಟ್ಟ ನನ್ನ ಕಪ್ಪುಗಳು ಅಲ್ಲಿಂದ ಕಾಣುತ್ತಿದ್ದವು.

“ತೆಗಿ ಕಲ್ಲು,” ಎಂದಳು ಅಮ್ಮಿ. ಭುಜದವರೆಗೆ ಕೈ ಇಳಿಸಿ, ಕೆನ್ನೆ ನೀರಿಗೆ ತಾಗಿಸಿ, ನಾನು ಅದನ್ನು ಮೇಲಕ್ಕೆ ತಂದೆ.

ಭಾನುವಾರ ಅಬ್ಬಾ ನಡುಕೋಣೆಯಲ್ಲಿ ಕೂತು ಕೆಂಪು ದಾರದ ಜಾಕೀಟಿನ ಹೊಲಿಗೆ ಬಿಚ್ಚಿ, ಗಟ್ಟಿಯಾಗಿದ್ದ ಹಳೆಯ ಹತ್ತಿಯನ್ನು ಕಿತ್ತು ಹಾಕುತ್ತಿದ್ದರು. ಹೊಸ ಹತ್ತಿಯ ಎಳೆಗಳು ಕಿಟಕಿಯ ಬಿಸಿಲಲ್ಲಿ ಹಾರಿ ಅವರ ಗಡ್ಡಕ್ಕೆ ಅಂಟುತ್ತಿದ್ದವು. ನಾನು ಎದುರು ಕೂತು ಹತ್ತಿ ಬಿಡಿಸತೊಡಗಿದೆ. ಮಾಮು ಅದರ ಮೇಲೆ ಮಲಗುತ್ತಿದ್ದದ್ದನ್ನು ನೋಡಿಯೂ ಸುಮ್ಮನಿದ್ದೆ ಎಂದು ಹೇಳಿದೆ. ಅವರು ತಲೆಯಾಡಿಸಿದರು, ಗೊತ್ತಿತ್ತೋ ಇಲ್ಲವೋ ತಿಳಿಯಲಿಲ್ಲ. ಇನ್ನೊಂದು ಹಿಡಿ ಹತ್ತಿಗೆ ಕೈ ಚಾಚಿದರು. ನಾನು ಕೊಡದೆ ಮುಷ್ಟಿಯಲ್ಲೇ ಹಿಡಿದುಕೊಂಡು ಕೇಳಿದೆ.

“ಅಬ್ಬಾ, ಮೂರರಲ್ಲಿ ಒಂದು ಸತ್ತರೂ ಲಾಂಚ್ ಬಿಡಲ್ಲ ಅಂತಿದ್ದೋರು ನೀವೇ. ಅವತ್ತು ಕೈಗೆ ಗೊತ್ತಾಗಿಯೂ ಹಗ್ಗ ಬಿಚ್ಚಿದ್ರಲ್ಲ, ಆಚೆ ದಂಡೇಲಿ ಪರೀಕ್ಷೆ ಮಕ್ಕಳು ಕಾಯ್ತಿದ್ರು ಅಂತಲಾ, ಇಲ್ಲಾ ಹಿಂದಿನ ಸಂಜೆ ತಿಮ್ಮಯ್ಯನ ಎದುರು ನಾನು ನಿಮಗೆ ಹೆದರಿಕೆ ಅಂದೆ ಅಂತಲಾ?”